ನಾಯಿ ಬೆಕ್ಕುಗಳ ಆಹಾರ: ಯೋಗ್ಯವಾದುದನ್ನು ಆರಿಸುವ ಬಗೆ

ಒಕ್ಕಲುತನದ ಮನೆಯಲ್ಲಿ ಎತ್ತಿಗೆ ಎಷ್ಟು ಕಣಿಕೆ, ಹಿಂಡುವ ಎಮ್ಮೆಗೆ ಎಷ್ಟು ಹತ್ತಿಕಾಳು, ಎಷ್ಟು ಹಿಂಡಿ ಎಂಬ ಲೆಕ್ಕವು ಯಜಮಾನನಿಗೆ ಬಾಯಿಪಾಠವಾಗಿರುತ್ತದೆ. ಆದರೆ ಅದೇ ಮನೆಯ ಕಣವನ್ನು ಕಾಯುವ ನಾಯಿಗೂ, ಕಾಳಿನ ಕೋಣೆಯನ್ನು ಇಲಿಗಳಿಂದ ರಕ್ಷಿಸುವ ಬೆಕ್ಕಿಗೂ ಏನು ಹಾಕಬೇಕೆಂಬ ವಿಷಯದಲ್ಲಿ ಯಾವ ಲೆಕ್ಕವೂ ಇರುವದಿಲ್ಲ. ಉಳಿದುದು, ಹಳಸಿದುದು, ಬೂಷ್ಟು ಹಿಡಿದುದು, ಕೊಯ್ದ ಕುರಿಯ ಬೇಡವಾದ ಭಾಗ, ಇವೇ ಅವುಗಳ ಪಾಲು. “ನಾಯಿಗೆ ನಡೆಯುತ್ತದೆ” ಎಂಬ ಒಂದು ಮಾತಿನಿಂದ ಈ ಪ್ರಶ್ನೆಯು ಮುಗಿದುಹೋಗುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಬೈಲಹೊಂಗಲದಂಥ ಊರುಗಳ ಪೇಟೆಯಲ್ಲಿಯೂ ನಾಯಿ ಬೆಕ್ಕುಗಳ ಸಿದ್ಧ ಆಹಾರದ ಚೀಲಗಳು ಮಾರಾಟಕ್ಕೆ ಬಂದಿರುವದರಿಂದ ಇನ್ನೊಂದು ಬಗೆಯ ತಪ್ಪು ಕಲ್ಪನೆಯೂ ಹುಟ್ಟಿದೆ. ಹೆಚ್ಚು ಬೆಲೆಯ ಚೀಲವೇ ಉತ್ತಮ ಆಹಾರವೆಂದು ಕೆಲವರು ತಿಳಿಯುತ್ತಾರೆ. ಈ ಎರಡೂ ತಿಳುವಳಿಕೆಗಳು ಸರಿಯಲ್ಲ. ಆಹಾರದ ಗುಣವು ಅದರ ಬೆಲೆಯಲ್ಲಿ ಇಲ್ಲ. ಅದು ಪ್ರಾಣಿಯ ದೇಹಕ್ಕೆ ಬೇಕಾದುದನ್ನು ಒದಗಿಸುವದೋ ಇಲ್ಲವೋ, ಕೆಡದೆ ಶುದ್ಧವಾಗಿರುವದೋ ಇಲ್ಲವೋ ಎಂಬುದರಲ್ಲಿದೆ. ಇದನ್ನು ಪರೀಕ್ಷಿಸುವ ರೀತಿಯನ್ನು ಊರಿನ ಹಿರಿಯರೂ ಭೂಮಾಲೀಕರೂ ತಿಳಿದಿರುವದು ಅವಶ್ಯ. ಯಾಕಂದರೆ ನಾಯಿಗೆ ಹಾಕಿದ ಕೆಟ್ಟ ಆಹಾರದ ಫಲವು ನಾಯಿಯಲ್ಲಿಯೇ ಕೊನೆಗಾಣುವದಿಲ್ಲ. ಕೆಲವು ಸಂಗತಿಗಳಲ್ಲಿ ಅದು ಕುರಿಯ ಹಿಂಡಿಗೂ ಮನೆಯ ಮಕ್ಕಳಿಗೂ ಮುಟ್ಟುತ್ತದೆ.

ಬೂಷ್ಟು ಹಿಡಿದ ಕಾಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ಭಾಗಗಳಲ್ಲಿ ಗೋವಿನಜೋಳವೂ ಶೇಂಗಾವೂ ಬೆಳೆಯುತ್ತವೆ. ಸುಗ್ಗಿಯಲ್ಲಿ ಮಳೆಗೆ ಸಿಕ್ಕ ತೆನೆಗಳ ಮೇಲೂ, ತೇವವಿರುವಾಗಲೇ ಚೀಲಕ್ಕೆ ತುಂಬಿದ ಕಾಳುಗಳ ಮೇಲೂ ಹಸಿರು ಹಳದಿ ಬಣ್ಣದ ಬೂಷ್ಟು ಬೆಳೆಯುವದುಂಟು. ಈ ಬೂಷ್ಟಿನ ಕೆಲವು ಜಾತಿಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪನ್ನ ಮಾಡುತ್ತವೆ. ಈ ವಿಷವು ಯಕೃತ್ತನ್ನು ಕೆಡಿಸುತ್ತದೆ. ರೊಟ್ಟಿ ಸುಟ್ಟರೂ, ನುಚ್ಚು ಕುದಿಸಿದರೂ ಅದು ಸಾಕಷ್ಟು ನಾಶವಾಗುವದಿಲ್ಲ. ದನಗಳಿಗಿಂತ ನಾಯಿಯು ಈ ವಿಷಕ್ಕೆ ಬಹು ಬೇಗನೆ ಬಲಿಯಾಗುತ್ತದೆ.

1974ರಲ್ಲಿ ರಾಜಸ್ಥಾನ ಮತ್ತು ಗುಜರಾತದ ಗಡಿಯ ಬಾಂಸವಾಡಾ ಹಾಗೂ ಪಂಚಮಹಾಲ ಜಿಲ್ಲೆಗಳಲ್ಲಿ ಬೂಷ್ಟು ಹಿಡಿದ ಗೋವಿನಜೋಳವನ್ನು ಉಂಡ ಬಡ ಜನರಲ್ಲಿ ಕಾಮಾಲೆಯೂ ಹೊಟ್ಟೆಯಲ್ಲಿ ನೀರು ತುಂಬುವ ರೋಗವೂ ಹಬ್ಬಿ ನೂರಕ್ಕೆ ಮೇಲ್ಪಟ್ಟು ಜನರು ತೀರಿಕೊಂಡರು. ಅದೇ ಅನ್ನವನ್ನು ಹಂಚಿಕೊಂಡು ತಿಂದ ಮನೆಯ ನಾಯಿಗಳಲ್ಲಿಯೂ ಅದೇ ರೋಗವು ಕಾಣಿಸಿತು. ಮನುಷ್ಯನಿಗೆ ವಿಷವಾದುದು ನಾಯಿಗೂ ವಿಷವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ. ಆದುದರಿಂದ ಬೂಷ್ಟು ಹಿಡಿದ ಕಾಳನ್ನಾಗಲಿ, ಮುಗ್ಗಲು ವಾಸನೆಯ ಶೇಂಗಾ ಹಿಂಡಿಯನ್ನಾಗಲಿ ನಾಯಿಗೆ ಹಾಕದೆ ಹೂಳಿಬಿಡುವದೇ ಲೇಸು.

ಕೊಯ್ದ ಕುರಿಯ ಹಸಿ ಭಾಗಗಳು

ಎರಡನೆಯ ಅಪಾಯವು ಇದಕ್ಕಿಂತ ಸೂಕ್ಷ್ಮವಾದುದು. ಕುರಿಯನ್ನು ಕೊಯ್ದಾಗ ಅದರ ಯಕೃತ್ತು ಇಲ್ಲವೆ ಪುಪ್ಪುಸಗಳಲ್ಲಿ ನೀರು ತುಂಬಿದ ಬಿಳಿ ಗುಳ್ಳೆಗಳು ಕಂಡುಬಂದರೆ ಆ ಭಾಗವನ್ನು ಬೇಡವೆಂದು ನಾಯಿಯ ಮುಂದೆ ಎಸೆಯುವದು ವಾಡಿಕೆ. ಈ ಗುಳ್ಳೆಗಳು ಒಂದು ಜಾತಿಯ ಲಾಡಿಹುಳದ ಎಳೆಯ ರೂಪ. ನಾಯಿಯು ಅವನ್ನು ಹಸಿಯಾಗಿ ತಿಂದರೆ ಅದರ ಕರುಳಿನಲ್ಲಿ ಕೆಲವೇ ಮಿಲಿಮೀಟರು ಉದ್ದದ ಹುಳಗಳು ಸಾವಿರಗಟ್ಟಲೆ ಬೆಳೆಯಬಹುದು. ಸುಮಾರು 6–7 ವಾರಗಳಲ್ಲಿ ಆ ಹುಳಗಳ ತತ್ತಿಗಳು ನಾಯಿಯ ಮಲದೊಡನೆ ಹೊರಬೀಳತೊಡಗುತ್ತವೆ. ಹುಲ್ಲಿನ ಮೇಲೆ ಬಿದ್ದವು ಮೇಯುವ ಕುರಿಯ ಹೊಟ್ಟೆಯನ್ನು ಸೇರುತ್ತವೆ. ನಾಯಿಯ ಮೈಗೂದಲಿಗೆ ಅಂಟಿದವು ಅದರೊಡನೆ ಆಡುವ ಮಗುವಿನ ಕೈಯಿಂದ ಬಾಯಿಗೆ ಹೋಗುತ್ತವೆ. ಮನುಷ್ಯನಲ್ಲಿಯೂ ಅದೇ ಗುಳ್ಳೆಯು ಯಕೃತ್ತಿನಲ್ಲಿಯೋ ಪುಪ್ಪುಸದಲ್ಲಿಯೋ ಮೆಲ್ಲಗೆ ಬೆಳೆದು, ವರ್ಷಗಳ ತರುವಾಯ ಶಸ್ತ್ರಚಿಕಿತ್ಸೆಯ ಪ್ರಸಂಗವನ್ನು ತರುತ್ತದೆ.

ಇದರ ಸೋದರ ಜಾತಿಯ ಇನ್ನೊಂದು ಲಾಡಿಹುಳವು ಕುರಿಯ ಮಿದುಳಿನಲ್ಲಿ ಗುಳ್ಳೆಯಾಗಿ ನಿಲ್ಲುತ್ತದೆ. ಅಂಥ ಕುರಿಯು ತಲೆಯನ್ನು ಒಂದು ಕಡೆಗೆ ವಾಲಿಸಿ, ನಿಂತಲ್ಲಿಯೇ ಸುತ್ತು ಹಾಕುತ್ತ, ಹಿಂಡಿನಿಂದ ಹಿಂದುಳಿದು ಸಾಯುತ್ತದೆ. ಸತ್ತ ಕುರಿಯ ತಲೆಯನ್ನು ನಾಯಿಗೆ ಎಸೆದರೆ ರೋಗದ ಚಕ್ರವು ಮತ್ತೆ ಮೊದಲಾಗುವದು. ಹೊಲದಲ್ಲಿ ಕುರಿಯ ಹಿಂಡನ್ನು ನಿಲ್ಲಿಸಿ ಗೊಬ್ಬರ ಪಡೆಯುವ ಭೂಮಾಲೀಕನಿಗೂ, ಹಿಂಡಿನ ಒಡೆಯನಾದ ಕುರುಬನಿಗೂ ಇದರ ನಷ್ಟವು ಸಮನಾದುದು.

ಈ ರೋಗಚಕ್ರವನ್ನು ಮುರಿಯುವದು ಸಾಧ್ಯವೆಂಬುದನ್ನು ಐಸ್‌ಲಂಡ ದ್ವೀಪದವರು ತೋರಿಸಿದ್ದಾರೆ. ಕುರಿ ಸಾಕಣೆಯೇ ಜೀವನವಾಗಿದ್ದ ಆ ದೇಶದಲ್ಲಿ 19ನೆಯ ಶತಮಾನದಲ್ಲಿ ಈ ಗುಳ್ಳೆಯ ರೋಗವು ವಿಪರೀತವಾಗಿತ್ತು. 1863ರಲ್ಲಿ ಅಲ್ಲಿಗೆ ಹೋದ ಡೆನ್ಮಾರ್ಕಿನ ಹರಾಲ್ಡ ಕ್ರಾಬ್ಬೆ ಎಂಬ ವಿದ್ವಾಂಸನು ರೋಗಕ್ಕೂ ನಾಯಿಗಳಿಗೂ ಇದ್ದ ಸಂಬಂಧವನ್ನು ಪರೀಕ್ಷಿಸಿದನು. ಅವನು ಬರೆದ ಚಿಕ್ಕ ಪುಸ್ತಿಕೆಯನ್ನು ಮನೆಮನೆಗೆ ಹಂಚಲಾಯಿತು. ಹಸಿ ಭಾಗಗಳನ್ನು ನಾಯಿಗೆ ಸಿಗದಂತೆ ನಾಶಮಾಡುವದು, ನಾಯಿಗಳಿಗೆ ಹುಳದ ಔಷಧ ಕೊಡುವದು ಎಂಬ ಎರಡು ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಿದುದರಿಂದ 20ನೆಯ ಶತಮಾನದಲ್ಲಿ ಆ ರೋಗವು ಅಲ್ಲಿಂದ ನಿರ್ಮೂಲವಾಯಿತು.

ಅಂದಮೇಲೆ ಮಾಂಸವು ನಾಯಿಗೆ ವರ್ಜ್ಯವೆಂದು ಅರ್ಥವಲ್ಲ. ಹಸಿಯಾಗಿ ಕೊಡುವದು ವರ್ಜ್ಯ. ಗುಳ್ಳೆಯಿರುವ ಭಾಗವನ್ನು ಹೂಳಬೇಕು. ಶುದ್ಧವಾಗಿ ಕಾಣುವ ಭಾಗವನ್ನು ಸಹ ಚಿಕ್ಕ ತುಂಡುಗಳಾಗಿ ಕೊಯ್ದು ಅರ್ಧ ತಾಸು ಚೆನ್ನಾಗಿ ಕುದಿಸಿಯೇ ಹಾಕತಕ್ಕದ್ದು. ಕುದಿಸಿದ ಎಲುಬನ್ನು ಮಾತ್ರ ತೆಗೆದುಬಿಡಬೇಕು. ಅದು ಸೀಳಿ ಚೂಪಾದ ಚಕ್ಕೆಗಳಾಗಿ ಗಂಟಲನ್ನೂ ಕರುಳನ್ನೂ ಗಾಯಗೊಳಿಸುತ್ತದೆ.

ಊಟದಲ್ಲಿ ಉಳಿದುದು

ಉಳಿದ ರೊಟ್ಟಿ, ಅನ್ನ, ಮಜ್ಜಿಗೆಗಳನ್ನು ಅದೇ ದಿನ ಹಾಕುವದರಿಂದ ಬಾಧೆಯಿಲ್ಲ. ಆದರೆ ಉಳ್ಳಾಗಡ್ಡಿ ಬೆಳ್ಳುಳ್ಳಿ ಹಾಕಿದ ಪಲ್ಯ ಸಾರುಗಳನ್ನು ಕಲಿಸಿ ಹಾಕಬಾರದು. ಇವೆರಡೂ ನಾಯಿ ಬೆಕ್ಕುಗಳ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ಗುಣವು ಹೋಗುವದಿಲ್ಲ. ಬೆಕ್ಕಿಗೆ ಇದರ ಬಾಧೆಯು ಹೆಚ್ಚು. ದ್ರಾಕ್ಷಿ ಹಾಗೂ ಒಣದ್ರಾಕ್ಷಿಗಳಿಂದ ನಾಯಿಯ ಮೂತ್ರಪಿಂಡಗಳು ಕೆಡುವದುಂಟು. ಆದುದರಿಂದ ಹಬ್ಬದ ದಿನ ಪಾಯಸ ಶಿರಾಗಳನ್ನು ನಾಯಿಯ ಮುಂದಿಡುವದು ಪ್ರೀತಿಯ ಲಕ್ಷಣವಾದರೂ ಹಿತವಲ್ಲ. ಚಾಕೋಲೇಟು ಸಹ ನಾಯಿಗೆ ವಿಷವೇ.

ನಾಯಿಗೆ ಬೇಕಾದ ಆಹಾರ

ನಾಯಿಯು ಮೂಲತಃ ಮಾಂಸಾಹಾರಿಯಾದರೂ, ಸಾವಿರಾರು ವರ್ಷ ಮನುಷ್ಯನ ಸಂಗಡ ಬಾಳಿ ಬೇಯಿಸಿದ ಧಾನ್ಯವನ್ನು ಪಚನ ಮಾಡಿಕೊಳ್ಳುವ ಶಕ್ತಿಯನ್ನು ಪಡೆದಿದೆ. ರಾಮದುರ್ಗಕ್ಕೆ ಸಮೀಪದ ಮುಧೋಳದ ನಾಯಿಯು ಇದಕ್ಕೆ ನಿದರ್ಶನ. 2005ರಲ್ಲಿ ಭಾರತದ ಅಂಚೆ ಇಲಾಖೆಯು ಯಾವ ತಳಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತೋ, ಆ ಹೆಸರುವಾಸಿಯಾದ ಬೇಟೆನಾಯಿಯು ಹಳ್ಳಿಗಳಲ್ಲಿ ಜೋಳ ಮತ್ತು ಹಾಲು ಮಜ್ಜಿಗೆಗಳ ಮೇಲೆಯೇ ಬೆಳೆದು ಬಂದುದು.

ಆದರೆ ಬರಿಯ ಜೋಳವು ಸಾಲದು. ಮಾಂಸಖಂಡಗಳನ್ನು ಬೆಳೆಸುವ ಸಸಾರಜನಕ, ಅಂದರೆ ಪ್ರೋಟೀನು, ಜೋಳದಲ್ಲಿ ಶೇಕಡಾ 10ರಷ್ಟು ಮಾತ್ರ ಇರುತ್ತದೆ. ನೀರಿನಂಶವನ್ನು ಬಿಟ್ಟು ಲೆಕ್ಕ ಹಾಕಿದರೆ ಅದು ಶೇಕಡಾ 11 ಆಗುತ್ತದೆ. ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘವು ಗೊತ್ತುಪಡಿಸಿದ ಪ್ರಮಾಣದಂತೆ ಬೆಳೆದ ನಾಯಿಯ ಆಹಾರದ ಒಣ ಅಂಶದಲ್ಲಿ ಕನಿಷ್ಠ ಶೇಕಡಾ 18, ಬೆಳೆಯುವ ಮರಿಗಳಿಗೂ ಹಾಲೂಡುವ ತಾಯಿಗೂ ಶೇಕಡಾ 22.5 ಸಸಾರಜನಕವಿರಬೇಕು. ಜೋಳದ ಸಸಾರಜನಕವು ಪ್ರಮಾಣದಲ್ಲಿ ಕಡಿಮೆಯಾಗಿರುವದಲ್ಲದೆ ಗುಣದಲ್ಲಿಯೂ ಅಪೂರ್ಣ. ಬೇಳೆ, ತತ್ತಿ, ಮೊಸರು, ಮಾಂಸ ಇವು ಆ ಕೊರತೆಯನ್ನು ತುಂಬುತ್ತವೆ.

20 ಕಿಲೋ ತೂಕದ, ಕೆಲಸ ಮಾಡುವ ನಾಯಿಗೆ ದಿನಕ್ಕೆ ಸುಮಾರು 1000ದಿಂದ 1200 ಕಿಲೋಕ್ಯಾಲರಿ ಶಕ್ತಿ ಬೇಕು. ಅದಕ್ಕೆ ಮನೆಯಲ್ಲಿಯೇ ಒದಗುವ ಪದಾರ್ಥಗಳ ಒಂದು ಪ್ರಮಾಣ ಹೀಗಿದೆ:

ಜೋಳದ ಹಿಟ್ಟು ಇಲ್ಲವೆ ನುಚ್ಚು — 200 ಗ್ರಾಂ
ಕಡಲೆ ಇಲ್ಲವೆ ತೊಗರಿ ಬೇಳೆ — 50 ಗ್ರಾಂ
ಬೇಯಿಸಿದ ಕೋಳಿ ತತ್ತಿ — 2
ಎಮ್ಮೆಯ ಹಾಲಿನ ಮೊಸರು — ಕಾಲು ಲೀಟರು
ನುಣ್ಣಗೆ ಅರೆದ ತತ್ತಿಯ ಸಿಪ್ಪೆ — ಸುಮಾರು ಅರ್ಧ ಚಹದ ಚಮಚೆ

ಜೋಳವನ್ನೂ ಬೇಳೆಯನ್ನೂ ಮೆತ್ತಗಾಗುವಂತೆ ಬೇಯಿಸಿ, ಆರಿದ ಮೇಲೆ ಉಳಿದುದನ್ನು ಕಲಿಸಿ ಎರಡು ಹೊತ್ತು ಹಾಕಬೇಕು. ಇದರಲ್ಲಿ ಸುಮಾರು 53 ಗ್ರಾಂ ಸಸಾರಜನಕ ದೊರೆತು ಒಣ ಅಂಶದ ಶೇಕಡಾ 18ರ ಮಟ್ಟವು ಮುಟ್ಟುವದು. ಅಷ್ಟೇ ಶಕ್ತಿಗಾಗಿ ಬರಿಯ ಜೋಳವನ್ನು ಹಾಕಿದ್ದರೆ 36 ಗ್ರಾಂ ಮಾತ್ರ ಸಿಗುತ್ತಿತ್ತು. ತತ್ತಿಯ ಸಿಪ್ಪೆಯನ್ನು ಕುದಿಸಿ ಒಣಗಿಸಿ ಅರೆದು ಹಾಕುವದು ಎಲುಬಿಗೆ ಬೇಕಾದ ಸುಣ್ಣದ ಅಂಶಕ್ಕಾಗಿ. ಧಾನ್ಯದಲ್ಲಿಯೂ ಮಾಂಸದಲ್ಲಿಯೂ ಅದು ಬಹು ಕಡಿಮೆ. ತತ್ತಿ ಮುಟ್ಟದ ಮನೆತನದವರು ಅದಕ್ಕೆ ಬದಲಾಗಿ 40 ಗ್ರಾಂ ಸೋಯಾ ಅವರೆಯನ್ನು ನೆನೆಯಿಟ್ಟು ಚೆನ್ನಾಗಿ ಬೇಯಿಸಿ ಹಾಕಬಹುದು. ಅರೆಬೆಂದ ಸೋಯಾ ಪಚನವಾಗುವದಿಲ್ಲ. ಸುಣ್ಣದ ಅಂಶಕ್ಕೆ ಆಗ ಪಶುವೈದ್ಯರಿಂದ ಪುಡಿಯನ್ನು ಪಡೆಯಬೇಕು.

ಮನೆಯ ಆಹಾರದಲ್ಲಿ ಸತು, ಅಯೋಡಿನ್ ಮತ್ತು ಕೆಲವು ಜೀವಸತ್ವಗಳು ಸಾಕಷ್ಟು ಇರುವದಿಲ್ಲವಾದ್ದರಿಂದ ನಾಯಿಗಳಿಗೆಂದೇ ತಯಾರಿಸಿದ ಖನಿಜ ಮಿಶ್ರಣವನ್ನು ಪಶುವೈದ್ಯರ ಸಲಹೆಯಂತೆ ಕೂಡಿಸುವದು ಒಳ್ಳೆಯದು. ದನಗಳ ಮಿಶ್ರಣವನ್ನು ಅದಕ್ಕೆ ಉಪಯೋಗಿಸಬಾರದು. ಮರಿಗಳಿಗೆ ಸುಣ್ಣದ ಅಂಶವು ಕಡಿಮೆಯಾದರೆ ಕಾಲು ಸೊಟ್ಟಾಗುವವು. ಅತಿಯಾದರೂ ಎಲುಬು ಕೆಡುವದು. ಆದುದರಿಂದ ಮರಿಗಳ ಪ್ರಮಾಣವನ್ನು ವೈದ್ಯರಿಂದಲೇ ಗೊತ್ತುಮಾಡಿಕೊಳ್ಳತಕ್ಕದ್ದು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನ ಹಾಗೂ ಮಾಹಿತಿ ಕೇಂದ್ರವಿರುವದು ಈ ಭಾಗದವರಿಗೆ ಅನುಕೂಲವಾಗಿದೆ.

ಬೆಕ್ಕು ಚಿಕ್ಕ ನಾಯಿಯಲ್ಲ

ಬೆಕ್ಕಿನ ವಿಷಯವೇ ಬೇರೆ. ನಾಯಿಯು ಧಾನ್ಯದ ಮೇಲೆ ಬಾಳಬಲ್ಲದು, ಬೆಕ್ಕು ಬಾಳಲಾರದು. ಟಾರೀನ್ ಎಂಬ ಒಂದು ಪದಾರ್ಥವು ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ಅವಶ್ಯವಾದುದು. ಅದನ್ನು ಬೆಕ್ಕಿನ ದೇಹವು ಸಾಕಷ್ಟು ತಯಾರಿಸಲಾರದು, ಸಸ್ಯಗಳಲ್ಲಿ ಅದು ಸಿಗುವದೂ ಇಲ್ಲ. ಮಾಂಸ, ಮೀನು, ಇಲಿ ಇವುಗಳಿಂದಲೇ ದೊರೆಯಬೇಕು. ಟಾರೀನಿನ ಕೊರತೆಯಿಂದ ಬೆಕ್ಕಿಗೆ ಕುರುಡುತನ ಬರುವದೆಂದು 1975ರಲ್ಲಿಯೂ, ಹೃದಯವು ಹಿಗ್ಗಿ ದುರ್ಬಲವಾಗುವದೆಂದು 1987ರಲ್ಲಿಯೂ ಅಮೆರಿಕದ ಸಂಶೋಧಕರು ಪ್ರಕಟಿಸಿದರು. ಗಜ್ಜರಿ ಮೊದಲಾದ ಕಾಯಿಪಲ್ಯಗಳ ಬಣ್ಣದಿಂದ ಎ ಜೀವಸತ್ವವನ್ನು ಮಾಡಿಕೊಳ್ಳುವ ಶಕ್ತಿಯೂ ಬೆಕ್ಕಿಗಿಲ್ಲ. ಅದರ ಆಹಾರದ ಒಣ ಅಂಶದಲ್ಲಿ ಕನಿಷ್ಠ ಶೇಕಡಾ 26, ಮರಿಗಳಿಗೆ ಶೇಕಡಾ 30 ಸಸಾರಜನಕವಿರಬೇಕು. ಹಾಲು ರೊಟ್ಟಿಯಿಂದ ಈ ಅವಶ್ಯಕತೆಯು ತೀರುವದಿಲ್ಲ. ಎಷ್ಟೋ ಬೆಳೆದ ಬೆಕ್ಕುಗಳಿಗೆ ಹಾಲು ಪಚನವಾಗದೆ ಭೇದಿಯಾಗುತ್ತದೆ.

“ಉಣ್ಣಲಿಕ್ಕೆ ಹಾಕಿದರೆ ಬೆಕ್ಕು ಇಲಿ ಹಿಡಿಯುವದನ್ನು ಬಿಡುತ್ತದೆ” ಎಂಬುದು ರೂಢಿಯ ಮಾತು. ಇಂಗ್ಲಂಡದ ಪ್ರಾಣಿಶಾಸ್ತ್ರಜ್ಞ ಚಾರ್ಲ್ಸ್ ಎಲ್ಟನ್ ಇವರು ಹೊಲಮನೆಗಳ ಬೆಕ್ಕುಗಳನ್ನು ಕುರಿತು 1953ರಲ್ಲಿ ಪ್ರಕಟಿಸಿದ ಲೇಖದಿಂದ ಇದು ತಪ್ಪೆಂದು ಕಂಡುಬರುತ್ತದೆ. ಮೊದಲು ಹೆಗ್ಗಣಗಳನ್ನು ಬೇರೆ ಉಪಾಯದಿಂದ ನಾಶಮಾಡಿ, ಬಳಿಕ ಬೆಕ್ಕುಗಳಿಗೆ ಮನೆಯಲ್ಲಿ ಆಹಾರದ ಒಂದು ಭಾಗವನ್ನು ಕೊಟ್ಟಲ್ಲಿ ಅವು ಮನೆಯ ಆಸುಪಾಸಿನಲ್ಲಿಯೇ ಉಳಿದು ಹೆಗ್ಗಣಗಳು ಮರಳಿ ಸೇರದಂತೆ ಕಾಯ್ದವು. ಉಪವಾಸ ಕೆಡವಿದ ಬೆಕ್ಕು ಅಡವಿಯ ಪಾಲಾಗುತ್ತದೆ. 4 ಕಿಲೋದ ಬೆಕ್ಕಿಗೆ ದಿನಕ್ಕೆ 200ರಿಂದ 250 ಕಿಲೋಕ್ಯಾಲರಿ ಬೇಕು. ಒಂದು ಚಿಕ್ಕ ಇಲಿಯಿಂದ ಸಿಗುವದು ಸುಮಾರು 30. ದಿನಾಲು ಏಳೆಂಟು ಇಲಿ ದೊರೆಯುವದು ಎಲ್ಲ ಕಾಲಕ್ಕೂ ಸಾಧ್ಯವಿಲ್ಲ. ಆದುದರಿಂದ ಬೇಯಿಸಿದ ಮೀನು, ಮಾಂಸ, ತತ್ತಿಗಳನ್ನೂ, ಟಾರೀನ್ ಬೆಂದ ನೀರಿಗೆ ಇಳಿಯುವದರಿಂದ ಆ ನೀರನ್ನೂ ಕೊಡಬೇಕು. ಮಾಂಸ ಬೇಯಿಸದ ಮನೆಯವರಿಗೆ ಬೆಕ್ಕಿನ ಸಿದ್ಧ ಆಹಾರವೇ ಸರಿಯಾದ ಮಾರ್ಗ. ಕಾಳಿನ ಕೋಣೆಯಲ್ಲಿ ಇಲಿಪಾಷಾಣವಿಟ್ಟ ದಿನಗಳಲ್ಲಿ ಬೆಕ್ಕನ್ನು ಕಟ್ಟಿಹಾಕುವದನ್ನು ಮರೆಯಬಾರದು. ವಿಷ ತಿಂದ ಇಲಿಯಿಂದ ಬೆಕ್ಕೂ ಸಾಯುತ್ತದೆ.

ಪೇಟೆಯ ಚೀಲವನ್ನು ಪರೀಕ್ಷಿಸುವ ರೀತಿ

ಚೀಲದ ಮೇಲಿನ ಚಿತ್ರವನ್ನು ಬಿಟ್ಟು ಅದರ ಹಿಂಬದಿಯ ಬರಹವನ್ನು ಓದಬೇಕು. ಮೊದಲನೆಯದಾಗಿ, ಅದು ನಾಯಿಗೋ ಬೆಕ್ಕಿಗೋ, ಮರಿಗೋ ಬೆಳೆದುದಕ್ಕೋ ಎಂಬುದು. ಎರಡನೆಯದಾಗಿ, ಅದು ಪೂರ್ಣ ಆಹಾರವೋ, ಬರಿಯ ತಿನಿಸೋ ಎಂಬುದು. ತಿನಿಸುಗಳ ಮೇಲೆ ಪ್ರಾಣಿಯನ್ನು ಸಾಕಲಾಗದು. ಮೂರನೆಯದಾಗಿ, ಘಟಕಗಳ ಪಟ್ಟಿ. ತೂಕದಲ್ಲಿ ಹೆಚ್ಚಾಗಿರುವದನ್ನು ಮೊದಲು ಬರೆಯುವದು ರೂಢಿ. ಬೆಕ್ಕಿನ ಆಹಾರದಲ್ಲಿ ಟಾರೀನಿನ ಹೆಸರು ಇರಲೇಬೇಕು. ನಾಲ್ಕನೆಯದಾಗಿ, ತಯಾರಿಸಿದ ದಿನಾಂಕ, ಉಪಯೋಗದ ಅವಧಿ, ತಯಾರಕನ ಪೂರ್ಣ ವಿಳಾಸ. ಭಾರತೀಯ ಮಾನಕ ಬ್ಯೂರೋ ಸಂಸ್ಥೆಯು ನಾಯಿ ಬೆಕ್ಕುಗಳ ಆಹಾರಕ್ಕಾಗಿ ಐ.ಎಸ್. 11968 ಎಂಬ ಮಾನಕವನ್ನು ಹೊರಡಿಸಿದೆ. ಅದರ ಉಲ್ಲೇಖವಿದ್ದರೆ ಅದೂ ಗಮನಿಸತಕ್ಕ ಸಂಗತಿ.

ಶೇಕಡಾ ಅಂಕಿಗಳನ್ನು ಹೋಲಿಸುವಾಗ ನೀರಿನಂಶವನ್ನು ಕಳೆಯಬೇಕು. ಒಣ ಆಹಾರದಲ್ಲಿ ನೀರು 10, ಸಸಾರಜನಕ 24 ಇದ್ದರೆ ಒಣ ಅಂಶವು 90. ಅದರಲ್ಲಿ ಸಸಾರಜನಕವು ಶೇಕಡಾ 26.7. ಡಬ್ಬಿಯ ಹಸಿ ಆಹಾರದಲ್ಲಿ ನೀರು 80, ಸಸಾರಜನಕ 8 ಎಂದಿದ್ದರೆ ಅದು ಕಡಿಮೆಯೆಂದು ಕಂಡರೂ ಒಣ ಅಂಶದಲ್ಲಿ ಶೇಕಡಾ 40 ಆಗುತ್ತದೆ.

ಸಸಾರಜನಕದ ಅಂಕಿಯೊಂದನ್ನೇ ನಂಬಿಯೂ ಇರಬಾರದು. ಪ್ರಯೋಗಶಾಲೆಯಲ್ಲಿ ಸಾರಜನಕವನ್ನು ಅಳೆದು ಅದರಿಂದ ಸಸಾರಜನಕವನ್ನು ಲೆಕ್ಕ ಹಾಕುತ್ತಾರೆ. ಇದರ ದುರುಪಯೋಗದಿಂದ, ಸಾರಜನಕ ತುಂಬಿದ ಮೆಲಮೈನ್ ಎಂಬ ರಾಸಾಯನಿಕವನ್ನು ಚೀನದಿಂದ ಬಂದ ಗೋದಿಯ ಅಂಟಿನಲ್ಲಿ ಬೆರೆಸಿದ್ದು 2007ರಲ್ಲಿ ಬಯಲಾಯಿತು. ಅದನ್ನು ತಿಂದ ಉತ್ತರ ಅಮೆರಿಕದ ಅನೇಕ ನಾಯಿ ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸತ್ತವು. ಆದುದರಿಂದ ಹೊಸ ಆಹಾರವನ್ನು ಹಾಕತೊಡಗಿದ ಮೇಲೆ ಪ್ರಾಣಿಯ ಹಸಿವು, ಮಲ, ಕೂದಲು, ಉತ್ಸಾಹ ಇವುಗಳನ್ನು ನೋಡುತ್ತಿರುವದೇ ಕೊನೆಯ ಪರೀಕ್ಷೆ.

ಬೆಲೆಯನ್ನು ಚೀಲದಿಂದ ಎಣಿಸದೆ ದಿನದಿಂದ ಎಣಿಸಬೇಕು. 100 ಗ್ರಾಂನಲ್ಲಿ 350 ಕಿಲೋಕ್ಯಾಲರಿಯುಳ್ಳ ಆಹಾರವು 20 ಕಿಲೋದ ನಾಯಿಗೆ ದಿನಕ್ಕೆ 300 ಗ್ರಾಂ ಬೇಕಾಗುವದು. 3 ಕಿಲೋದ ಚೀಲವು 10 ದಿನ ಬರುವದು. ಚೀಲದ ಬೆಲೆಯನ್ನು 10ರಿಂದ ಭಾಗಿಸಿ ಮನೆಯ ಆಹಾರದ ಖರ್ಚಿನೊಡನೆ ಹೋಲಿಸಿದರೆ ಯಾವುದು ಅನುಕೂಲವೆಂಬುದು ತಿಳಿಯುವದು. ತೆರೆದ ಚೀಲದಿಂದ ಬಿಡಿಯಾಗಿ ತೂಗಿ ಕೊಡುವ ಆಹಾರವನ್ನು ಕೊಳ್ಳಬಾರದು; ಗಾಳಿ ತಗುಲಿ ಅದರ ಕೊಬ್ಬು ಕಮಟಾಗುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ತಂದುದನ್ನು ಮುಚ್ಚಳವುಳ್ಳ ಡಬ್ಬಿಯಲ್ಲಿ ತಂಪಾದ ಒಣ ಸ್ಥಳದಲ್ಲಿಟ್ಟು ತಿಂಗಳೊಪ್ಪತ್ತಿನೊಳಗೆ ತೀರಿಸಬೇಕು. ಹಳೆಯ ಆಹಾರದಿಂದ ಹೊಸದಕ್ಕೆ ಬದಲಿಸುವಾಗ ಸುಮಾರು ಒಂದು ವಾರದಲ್ಲಿ ದಿನಕ್ಕಿಷ್ಟರಂತೆ ಹೆಚ್ಚಿಸುತ್ತ ಹೋಗಬೇಕು. ಪ್ರಮಾಣವು ಸರಿಯಾಗಿದೆಯೇ ಎಂಬುದನ್ನು ಅಂಗೈಯಿಂದ ಪಕ್ಕೆಲುಬು ಮುಟ್ಟಿ ನೋಡಬಹುದು. ಅವು ಕೈಗೆ ಸುಲಭವಾಗಿ ಹತ್ತಬೇಕು, ಕೊಬ್ಬಿನಲ್ಲಿ ಹುದುಗಿರಬಾರದು. ಶುದ್ಧ ನೀರು ಸದಾ ಹತ್ತಿರವಿರಲಿ.

ಊರಿನ ಹಿರಿಯರ ಕರ್ತವ್ಯ

ಒಬ್ಬ ಯಜಮಾನನು ತನ್ನ ನಾಯಿಗೆ ಕುದಿಸಿದ ಮಾಂಸವನ್ನೇ ಹಾಕಿದರೂ, ಜಾತ್ರೆಯ ದಿನ ಊರ ಹೊರಗೆ ಎಸೆದ ಹಸಿ ಭಾಗಗಳನ್ನು ಅದು ತಿಂದು ಬಂದರೆ ಅವನ ಶ್ರಮವು ವ್ಯರ್ಥ. ಇಲ್ಲಿ ಒಬ್ಬನ ಕೆಲಸ ಸಾಲದು. ಊರಿನ ವ್ಯವಸ್ಥೆ ಬೇಕು. ಕುರಿ ಕೊಯ್ಯುವ ಸ್ಥಳದ ಹತ್ತಿರ ನಾಯಿಗಳು ಕೆದರಲಾಗದಷ್ಟು ಆಳವಾದ ಗುಂಡಿಯನ್ನು ಗ್ರಾಮ ಪಂಚಾಯತಿಯ ಮುಖಾಂತರ ತೋಡಿಸಿ, ಬೇಡವಾದ ಭಾಗಗಳನ್ನು ಸುಣ್ಣ ಚೆಲ್ಲಿ ಅದರಲ್ಲಿಯೇ ಮುಚ್ಚಿಸಬೇಕು. ಹಿಂಡಿನಲ್ಲಿ ಸತ್ತ ಕುರಿಯನ್ನು ಬಯಲಿನಲ್ಲಿ ಬಿಡಗೊಡಬಾರದು. ಹಿಂಡಿನ ನಾಯಿಗಳಿಗೂ ಮನೆಯ ನಾಯಿಗಳಿಗೂ ವರ್ಷಕ್ಕೆ ನಾಲ್ಕು ಸಲಕ್ಕೆ ಕಡಿಮೆಯಾಗದಂತೆ ಲಾಡಿಹುಳದ ಔಷಧವಾದ ಪ್ರಾಜಿಕ್ವಾಂಟೆಲ್ ಮಾತ್ರೆಯನ್ನು ಪಶುವೈದ್ಯರಿಂದ ತೂಕಕ್ಕೆ ತಕ್ಕಂತೆ ಕೊಡಿಸಬೇಕು. ಆಮೇಲಿನ ಎರಡು ಮೂರು ದಿನ ನಾಯಿಯನ್ನು ಕಟ್ಟಿ ಅದರ ಮಲವನ್ನು ಹೂಳಬೇಕು.

ಈ ಕೆಲಸಗಳಿಗೆ ತಗಲುವ ವೆಚ್ಚವು ಅಲ್ಪ. ಒಂದು ಗುಂಡಿ, ಒಂದು ಪುಟ್ಟಿ ಸುಣ್ಣ, ನಾಲ್ಕು ಮಾತ್ರೆ, ದಿನಕ್ಕೊಂದು ಹಿಡಿ ಬೇಳೆ. ಇದರಿಂದ ಉಳಿಯುವದು ಕಣ ಕಾಯುವ ನಾಯಿ, ಕಾಳು ಕಾಯುವ ಬೆಕ್ಕು, ಗೊಬ್ಬರ ಕೊಡುವ ಹಿಂಡು, ಎಲ್ಲಕ್ಕೂ ಮಿಗಿಲಾಗಿ ಮನೆಯ ಮಕ್ಕಳ ಆರೋಗ್ಯ. ಮನುಷ್ಯನು ಉಣ್ಣಲಾರದುದನ್ನು ನಾಯಿಗೂ ಹಾಕಬಾರದೆಂಬ ಒಂದೇ ನಿಯಮವನ್ನು ಪ್ರತಿಯೊಂದು ಊರಿನ ಹಿರಿಯರು ತಮ್ಮ ಮನೆಯಿಂದ ಆಚರಣೆಗೆ ತಂದರೆ ಉಳಿದವರು ಅನುಸರಿಸುವದರಲ್ಲಿ ಸಂಶಯವಿಲ್ಲ.